ಬಿದರಿ ಕೆತ್ತನೆಯ ಉಳಿಗಳಿಗೆ ಚರ್ಮದ ಒರೆಯನ್ನು ಮನೆಯಲ್ಲೇ ಹೊಲಿಯುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನೀವು ಬೀದರಿನಲ್ಲಿ ಬಿದರಿ ಕೆಲಸ ಕಲಿಯುತ್ತಿದ್ದೀರಿ. 100 ಮಿ.ಮೀ. ಉದ್ದದ, 6 ಮಿ.ಮೀ. ಚೌಕದ ನಿಮ್ಮ ಆರು ಉಳಿಗಳು ತಗಡಿನ ಡಬ್ಬಿಯಲ್ಲಿ ಒಂದಕ್ಕೊಂದು ಬಡಿದು ಮೊನೆ ಮುಕ್ಕಾಗುತ್ತಿವೆ. ಬ್ಯಾಗ್ ಹೊಲಿಯುವವರೊಬ್ಬರು ಮೆತ್ತನೆಯ ಕಪ್ಪು ಚರ್ಮದ ತುಂಡು ಕೊಡಲು ಒಪ್ಪಿದ್ದಾರೆ. ಅದರಲ್ಲಿ ಒರೆ ಮಾಡಬಹುದೇ, ಹೊಲಿಗೆಯನ್ನು ಮಷಿನ್ನಿನಲ್ಲಿ ಹಾಕಿಸಿದರೆ ಸಾಕೇ ಎಂದು ಕೇಳಿದ್ದೀರಿ. ಒರೆಯನ್ನು ಖಂಡಿತ ನೀವೇ ಮಾಡಿಕೊಳ್ಳಬಹುದು, ಆದರೆ ಆ ಚರ್ಮವೂ ಬೇಡ, ಮಷಿನ್ ಹೊಲಿಗೆಯೂ ಬೇಡ. ನಾನು ಇದೇ ಊರಿನಲ್ಲಿ ಚರ್ಮದ ಕೆಲಸ ಮಾಡುವವನು. ಬಿದರಿ ಕೆಲಸದವರಿಗೂ ಬಡಗಿಗಳಿಗೂ ಒರೆ ಹೊಲಿದುಕೊಡುತ್ತ ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಾಳಾದ ಒರೆಗಳು ನನ್ನ ಬಳಿ ರಿಪೇರಿಗೆ ಬಂದಾಗ ಕಾಣುವ ಕಾರಣಗಳು ಹೆಚ್ಚುಕಡಿಮೆ ಎರಡೇ. ಒಂದೋ ಚರ್ಮ ಉಕ್ಕನ್ನು ತಿಂದಿರುತ್ತದೆ, ಇಲ್ಲವೇ ಉಕ್ಕು ಹೊಲಿಗೆಯನ್ನು ಕಡಿದಿರುತ್ತದೆ. ಆದ್ದರಿಂದ ನಿಮ್ಮ ಗಮನದ ಬಹುಪಾಲು ಚರ್ಮದ ಆಯ್ಕೆಗೆ ಮತ್ತು ಮೊನೆಗೂ ದಾರಕ್ಕೂ ನಡುವೆ ಏನಿರಬೇಕು ಎಂಬುದಕ್ಕೆ ಮೀಸಲಾಗಿರಲಿ.

ಮೊದಲು ಚರ್ಮದ ವಿಷಯ. ಇಂದು ಬ್ಯಾಗು, ಜಾಕೆಟ್ಟು, ಬೂಟುಗಳಿಗೆ ಬರುವ ಮೆತ್ತನೆಯ ಚರ್ಮ ಬಹುತೇಕ ಕ್ರೋಮಿಯಂ ಲವಣಗಳಲ್ಲಿ ಹದ ಮಾಡಿದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೂಢಿಗೆ ಬಂದ ಈ ಪದ್ಧತಿಯಲ್ಲಿ ವಾರಗಟ್ಟಲೆಯ ಕೆಲಸ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ, ಚರ್ಮವೂ ಮೃದುವಾಗಿ ಬರುತ್ತದೆ. ಆದರೆ ಹದದ ವೇಳೆ ಬಳಸಿದ ಲವಣಗಳ ಅಂಶ ಅದರಲ್ಲಿ ಉಳಿದಿರುತ್ತದೆ, ಮಳೆಗಾಲದ ತೇವಕ್ಕೆ ಅದೇ ಉಕ್ಕಿನ ಮೇಲೆ ತುಕ್ಕು ಹಿಡಿಸುತ್ತದೆ. ಮೆತ್ತಗಿರುವುದರಿಂದ ಅದಕ್ಕೆ ಆಕಾರವೂ ನಿಲ್ಲುವುದಿಲ್ಲ, ಸೂಜಿಯಂತಹ ಮೊನೆ ಅದನ್ನು ತೂರಿಕೊಂಡು ಹೊರಗೆ ಬರುತ್ತದೆ. ನಿಮಗೆ ಬೇಕಾದುದು ತೊಗಟೆಯಲ್ಲಿ ಹದ ಮಾಡಿದ ಚರ್ಮ. ತಂಗಡಿ ಮತ್ತು ಜಾಲಿಯ ತೊಗಟೆ, ಅಳಲೆಕಾಯಿ ಇವು ನಮ್ಮ ದೇಶದಲ್ಲಿ ಹಿಂದಿನಿಂದಲೂ ಈ ಕೆಲಸಕ್ಕೆ ಬಳಕೆಯಾಗುತ್ತ ಬಂದಿವೆ. ಈ ಚರ್ಮ ಬಿಗಿಯಾಗಿರುತ್ತದೆ, ಒದ್ದೆ ಮಾಡಿ ಒತ್ತಿದರೆ ಒತ್ತಿದ ಆಕಾರದಲ್ಲೇ ಒಣಗುತ್ತದೆ, ಅಂಚನ್ನು ಉಜ್ಜಿದರೆ ಗಾಜಿನಂತೆ ನುಣುಪಾಗುತ್ತದೆ.

ಅಂಗಡಿಯವರು ಹೇಳಿದ್ದನ್ನೇ ನಂಬಬೇಕಾಗಿಲ್ಲ. ಬಣ್ಣ ಹಾಕದ ಚರ್ಮವಾದರೆ ಕತ್ತರಿಸಿದ ಅಂಚನ್ನು ನೋಡಿ: ಒಳಗೆ ನೀಲಿ ಬೆರೆತ ಬೂದು ಬಣ್ಣವಿದ್ದರೆ ಅದು ಕ್ರೋಮ್, ಒಳಗೂ ಹೊರಗೂ ಕಂದು ಇದ್ದರೆ ತೊಗಟೆಯದು. ನಿಮಗೆ ಸಿಕ್ಕಿರುವಂತಹ ಕಪ್ಪು ಚರ್ಮದಲ್ಲಿ ಬಣ್ಣ ಒಳಗಿನವರೆಗೂ ಇಳಿದಿರುವುದರಿಂದ ಈ ಪರೀಕ್ಷೆ ನಡೆಯುವುದಿಲ್ಲ. ಆಗ ಬೆರಳಗಲದ ಪಟ್ಟಿಯೊಂದನ್ನು ಕತ್ತರಿಸಿ ಕುದಿಯುವ ನೀರಿಗೆ ಹಾಕಿ. ತೊಗಟೆ ಹದದ ಚರ್ಮ ನಿಮ್ಮ ಕಣ್ಣೆದುರೇ ಮುರುಟಿ ಗಟ್ಟಿಯಾಗುತ್ತದೆ, ಚೆನ್ನಾಗಿ ಹದವಾದ ಕ್ರೋಮ್ ಚರ್ಮ ಹಾಗೆಯೇ ಉಳಿಯುತ್ತದೆ. ಹುಡುಕಬೇಕಾದ ಕಡೆಯೂ ಬ್ಯಾಗಿನ ಅಂಗಡಿಯಲ್ಲ. ಕೊಲ್ಹಾಪುರಿ ಚಪ್ಪಲಿ ಮಾಡುವವರು ಸಾಂಪ್ರದಾಯಿಕವಾಗಿ ಬಳಸುವುದು ತೊಗಟೆ ಹದದ ಚರ್ಮವನ್ನೇ. ಆ ಚಪ್ಪಲಿಯ ಭೌಗೋಳಿಕ ಸೂಚಕದ ವ್ಯಾಪ್ತಿಯಲ್ಲಿ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ ಜಿಲ್ಲೆಗಳೂ ಇವೆ, ಮಹಾರಾಷ್ಟ್ರದ ಕಡೆ ಸೊಲ್ಲಾಪುರವೂ ಇದೆ. ಅಟ್ಟೆಯ, ಅಂದರೆ ಚಪ್ಪಲಿಯ ಅಡಿಭಾಗದ, ಚರ್ಮ ಒರೆಯ ಮೈಗೆ ತೀರ ಗಡುಸಾಗುತ್ತದೆ. ಮೈಗೆ 2 ಮಿ.ಮೀ. ದಪ್ಪದ್ದನ್ನೂ ನಡುವಿನ ಪಟ್ಟಿಗಳಿಗೆ 3 ಮಿ.ಮೀ. ದಪ್ಪದ್ದನ್ನೂ ಕೇಳಿ. ಪಟ್ಟಿಗಳಿಗೆ ಅಟ್ಟೆ ಕತ್ತರಿಸಿ ಉಳಿದ ತುಂಡುಗಳೇ ಸಾಕು.

ತೊಗಟೆ ಹದದ ಚರ್ಮವೆಂದರೆ ಉಕ್ಕಿಗೆ ಯಾವ ಅಪಾಯವೂ ಇಲ್ಲವೆಂದು ಭಾವಿಸಬೇಡಿ. ಅದೂ ಸ್ವಭಾವತಃ ತುಸು ಆಮ್ಲೀಯವೇ. ಅದರಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ತೇವದಲ್ಲಿ ಮುಟ್ಟಿದರೆ ಚರ್ಮದ ಮೇಲೆ ಮಸಿಯಂತಹ ಕಪ್ಪು ಕಲೆ ಮೂಡುತ್ತದೆ, ಆ ಕಲೆಯನ್ನು ತೆಗೆಯುವುದು ಕಷ್ಟ. ಬಿದರಿ ಕೆಲಸದವರಿಗೆ ಇನ್ನೂ ಎರಡು ಶತ್ರುಗಳಿವೆ. ಕೆತ್ತುವ ಮೊದಲು ಪಾತ್ರೆಯ ಮೈಯನ್ನು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸುತ್ತೀರಿ. ಅದರ ಅಂಶ ಉಳಿಯ ಮೊನೆಗೆ ತಗಲಿದರೆ ತಾಮ್ರ ಉಕ್ಕಿನ ಮೇಲೆ ಕೂರುತ್ತದೆ, ಅದಕ್ಕೆ ತಕ್ಕಷ್ಟು ಉಕ್ಕು ಕರಗಿ ಹೋಗುತ್ತದೆ. ಕೊನೆಯ ಕಪ್ಪಿಗೆ ಬೀದರ್ ಕೋಟೆಯ ಮಣ್ಣಿನೊಂದಿಗೆ ಬೆರೆಸುವ ನವಸಾಗರವೂ (ಅಮೋನಿಯಂ ಕ್ಲೋರೈಡ್) ಉಕ್ಕನ್ನು ಬಹಳ ಬೇಗ ತುಕ್ಕು ಹಿಡಿಸುತ್ತದೆ. ಡಬ್ಬಿಯನ್ನಾದರೆ ತೊಳೆಯಬಹುದು, ಚರ್ಮ ಒಮ್ಮೆ ಇವುಗಳನ್ನು ಕುಡಿದರೆ ಬಿಡಿಸುವ ದಾರಿಯಿಲ್ಲ. ಹಾಗಾಗಿ ಒರೆ ಬಂದ ದಿನದಿಂದಲೇ ಎರಡು ಅಭ್ಯಾಸಗಳಿರಲಿ: ಉಳಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ಮಷಿನ್ ಎಣ್ಣೆ ಸವರಿ, ಮತ್ತೆ ಒರೆಸಿಯೇ ಒಳಗಿಡಬೇಕು. ಕಪ್ಪಾಗಿಸುವ ಕೆಲಸ ನಡೆಯುವ ಜಾಗದಲ್ಲಿ ಒರೆಯನ್ನು ಇಡಲೇಬಾರದು.

ಇನ್ನು ವಿನ್ಯಾಸ. ಬಹಳ ಮಂದಿ ಹಿಂಬದಿಗೆ ಒಂದು ಸಪಾಟು ಚರ್ಮ ಇಟ್ಟು, ಮುಂಬದಿಯ ಚರ್ಮವನ್ನು ಪ್ರತಿ ಉಳಿಯ ಮೇಲೂ ಉಬ್ಬಿಸಿ ಹೊಲಿಯುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಉಬ್ಬಿಸಿದ ಚರ್ಮ ತಳದಲ್ಲಿ ನೆರಿಗೆಯಾಗಿ ಸೇರುವುದರಿಂದ ಮೊನೆ ಆ ನೆರಿಗೆಯೊಳಗೆ ಹೊಕ್ಕು ದಾರವನ್ನೇ ಹುಡುಕಿಕೊಂಡು ಹೋಗುತ್ತದೆ. ನಿಮ್ಮ ಉಳಿಗಳು ಚೌಕವಾಗಿರುವುದರಿಂದ ಪಟ್ಟಿ ಕಟ್ಟಿದ ಒರೆಯೇ ಸೂಕ್ತ ಎಂಬುದು ನನ್ನ ಅಭಿಪ್ರಾಯ: ಹಿಂದೊಂದು ಮುಂದೊಂದು ಸಪಾಟು ಹಾಳೆ, ನಡುವೆ ಉಳಿಯಷ್ಟೇ ಎತ್ತರದ ಪಟ್ಟಿಗಳು, ಪಟ್ಟಿಗಳ ನಡುವೆ ಉಳಿಗೊಂದು ಗೂಡು. 3 ಮಿ.ಮೀ. ಚರ್ಮವನ್ನು ಎರಡು ಪದರ ಅಂಟಿಸಿದರೆ 6 ಮಿ.ಮೀ. ಎತ್ತರ ಸಿಗುತ್ತದೆ. ಪಟ್ಟಿಯ ಅಗಲ 8 ಮಿ.ಮೀ. ಇರಲಿ. ಹೊಲಿಗೆ ಅದರ ನಡುಗೆರೆಯಲ್ಲಿ ಹೋಗುವುದರಿಂದ ದಾರಕ್ಕೂ ಉಕ್ಕಿಗೂ ನಡುವೆ ಎರಡೂ ಕಡೆ 4 ಮಿ.ಮೀ. ಗಟ್ಟಿ ಚರ್ಮ ಉಳಿಯುತ್ತದೆ, ಮೊನೆ ಎಷ್ಟೇ ಹರಿತವಿದ್ದರೂ ದಾರವನ್ನು ಮುಟ್ಟಲಾರದು.

ಆರು ಗೂಡು, ಏಳು ಪಟ್ಟಿ: 36 ಮತ್ತು 56 ಸೇರಿ ಒರೆಯ ಅಗಲ 92 ಮಿ.ಮೀ. ಯಾವುದಾದರೂ ಉಳಿಯ ಮೊನೆ ಅದರ ಮೈಗಿಂತ ಅಗಲವಾಗಿದ್ದರೆ ಆ ಗೂಡನ್ನು ಮೊನೆಯ ಅಳತೆಗೆ ಬಿಡಬೇಕು. ತಳದಲ್ಲಿ ಅದೇ ಎತ್ತರದ 10 ಮಿ.ಮೀ. ಅಗಲದ ಅಡ್ಡಪಟ್ಟಿ ಬರಲಿ. ಕೆಳಗೆ ಜಾರಿದ ಮೊನೆ ಹೊಲಿಗೆಗೆ ತಾಗದೆ ಆ ಪಟ್ಟಿಯ ಮೇಲೆ ನಿಲ್ಲಬೇಕು. ಉಳಿಯ 65 ಮಿ.ಮೀ. ಗೂಡಿನೊಳಗಿದ್ದು 35 ಮಿ.ಮೀ. ಹೊರಗಿದ್ದರೆ ಬೆರಳಿಗೆ ಹಿಡಿಯಲು ಸಿಗುತ್ತದೆ. ಆಗ ಮುಂಬದಿಯ ಹಾಳೆಯ ಎತ್ತರ 75 ಮಿ.ಮೀ. ಆಗುತ್ತದೆ. ಹಿಂಬದಿಯದು ಮೇಲೆ ಹೋಗಿ, ಉಳಿಗಳ ತಲೆಯ ಮೇಲಿಂದ ಮಡಚಿ, ಮುಂದೆ ಮುಚ್ಚಳವಾಗಿ ಇಳಿಯಬೇಕಾದ್ದರಿಂದ 195 ಮಿ.ಮೀ. ಬೇಕು. ಮೊದಲು ಇದನ್ನೆಲ್ಲ ರಟ್ಟಿನಲ್ಲಿ ಕತ್ತರಿಸಿ, ಉಳಿಗಳನ್ನು ಇಟ್ಟು ನೋಡಿ, ಆಮೇಲೆ ಚರ್ಮಕ್ಕೆ ಕೈ ಹಾಕಿ. ಕತ್ತರಿಸುವಾಗ ಕತ್ತರಿ ಬೇಡ. ಉಕ್ಕಿನ ಪಟ್ಟಿಯನ್ನು ಒತ್ತಿ ಹಿಡಿದು, ಹರಿತವಾದ ಬ್ಲೇಡಿನಿಂದ ಎರಡು ಮೂರು ಬಾರಿ ಗೀರಿದರೆ ಅಂಚು ನೇರವಾಗಿ ಬರುತ್ತದೆ.

ಅಂಟಿಸುವ ಮುನ್ನ ಗೂಡಿನ ಒಳಮೈಯಾಗುವ ಅಂಚುಗಳನ್ನು ಉಜ್ಜಿ ನಯ ಮಾಡಿಕೊಳ್ಳಿ, ಒರೆ ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಚಪ್ಪಲಿಗೆ ಬಳಸುವ ರಬ್ಬರ್ ಅಂಟೇ ಸಾಕು. ಚರ್ಮದ ನುಣುಪು ಬದಿಗೆ ಅದು ಹಿಡಿಯುವುದಿಲ್ಲವಾದ್ದರಿಂದ ಆ ಜಾಗವನ್ನು ಉಪ್ಪುಕಾಗದದಿಂದ ಗೀಚಿ ಒರಟು ಮಾಡಬೇಕು. ಎರಡೂ ಮೈಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒಂದರ ಮೇಲೊಂದು ಕೂರಿಸಿ, ರಾತ್ರಿಯಿಡೀ ಭಾರ ಹೇರಿಡಿ. ಅಂಟು ಗೂಡಿನೊಳಗೆ ಹರಿಯದಂತೆ ಅಂಚಿನಿಂದ ಒಂದು ಮಿಲಿಮೀಟರಿನಷ್ಟು ಒಳಗೇ ನಿಲ್ಲಿಸಿ.

ಮಷಿನ್ ಹೊಲಿಗೆಯನ್ನು ಬೇಡವೆಂದದ್ದಕ್ಕೆ ಎರಡು ಕಾರಣಗಳಿವೆ. 2, 6 ಮತ್ತು 2 ಸೇರಿ 10 ಮಿ.ಮೀ. ದಪ್ಪವನ್ನು ಸಾಮಾನ್ಯ ಮಷಿನ್ ಹೊಲಿಯಲಾರದು. ಹೊಲಿದರೂ ಅದರಲ್ಲಿ ಮೇಲಿನ ದಾರ ಮೇಲೆಯೇ, ಕೆಳಗಿನ ದಾರ ಕೆಳಗೇ ಇದ್ದು ನಡುವೆ ಒಂದನ್ನೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಮೇಲಿನದು ಒಂದು ಕಡೆ ಸವೆದು ಹರಿದರೆ ಅಕ್ಕಪಕ್ಕದ ಹೊಲಿಗೆಗಳೂ ಸಡಿಲವಾಗುತ್ತ ಹೋಗುತ್ತವೆ. ಕೈಯ ಎರಡು ಸೂಜಿಯ ಹೊಲಿಗೆಯಲ್ಲಿ ಒಂದೇ ದಾರದ ಎರಡೂ ತುದಿಗಳು ಪ್ರತಿ ರಂಧ್ರದಲ್ಲೂ ಎದುರುಬದುರಾಗಿ ಹಾಯುವುದರಿಂದ ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ.

ರಂಧ್ರಗಳನ್ನು ಮೊದಲೇ ಹಾಕಿಕೊಳ್ಳಬೇಕು. ಪಟ್ಟಿಯ ನಡುಗೆರೆಯ ಮೇಲೆ 4 ಮಿ.ಮೀ. ಗೊಂದು ಗುರುತು ಮಾಡಿ. ತೆಳು ಚರ್ಮಕ್ಕಾದರೆ ಕೈಯಿಂದ ಚುಚ್ಚಿ ರಂಧ್ರ ಹಾಕುವ ಆರಿ ಸಾಕು, ಆದರೆ ಈ ದಪ್ಪದಲ್ಲಿ ಆರಿ ಸ್ವಲ್ಪ ವಾಲಿದರೂ ಹಿಂಬದಿಯಲ್ಲಿ ರಂಧ್ರ ಗೆರೆ ಬಿಟ್ಟು, ಕೆಲವೊಮ್ಮೆ ಗೂಡಿನೊಳಗೇ ಹೊರಬರುತ್ತದೆ. ಆದ್ದರಿಂದ 1 ಮಿ.ಮೀ. ಬಿಟ್ ಹಾಕಿದ ಡ್ರಿಲ್ಲನ್ನು ಸ್ಟ್ಯಾಂಡಿನಲ್ಲಿ ನೇರ ನಿಲ್ಲಿಸಿ ಕೊರೆಯುವುದು ಉತ್ತಮ. ಮೇಣ ಹಚ್ಚಿದ 0.8 ಮಿ.ಮೀ. ಪಾಲಿಯೆಸ್ಟರ್ ದಾರ ತೆಗೆದುಕೊಳ್ಳಿ, ಮೇಣ ಹಚ್ಚಿರದಿದ್ದರೆ ಜೇನುಮೇಣದ ಮೇಲೆ ಎಳೆದುಕೊಳ್ಳಿ. ದಾರದ ಉದ್ದ ಹೊಲಿಗೆಯ ನಾಲ್ಕು ಪಟ್ಟು ಇದ್ದರೆ ಸಾಕೆಂದು ಸಾಮಾನ್ಯವಾಗಿ ಹೇಳುವುದುಂಟು, ಆ ಲೆಕ್ಕ ಇಲ್ಲಿ ಸಾಲುವುದಿಲ್ಲ. ಪ್ರತಿ ಹೊಲಿಗೆಗೆ ಒಂದೊಂದು ಸೂಜಿಯೂ 4 ಮಿ.ಮೀ. ಮುಂದಕ್ಕೆ, 10 ಮಿ.ಮೀ. ಆಳಕ್ಕೆ ಹೋಗಬೇಕು. ಎರಡೂ ಎಳೆ ಸೇರಿ ಏಳು ಪಟ್ಟು ದಾರ ಚರ್ಮದೊಳಗೇ ಹೋಗುತ್ತದೆ, ಕೈಗೆ ಹಿಡಿಯಲು ಉಳಿಯಬೇಕಾದದ್ದು ಬೇರೆ. 75 ಮಿ.ಮೀ. ಸಾಲಿಗೆ ಒಂದು ಮೀಟರ್ ಕತ್ತರಿಸಿಕೊಂಡರೆ ನಡುವೆ ಗಂಟು ಹಾಕುವ ಪ್ರಸಂಗ ಬರುವುದಿಲ್ಲ.

ದಾರದ ಎರಡು ತುದಿಗೂ ಮೊಂಡು ಮೊನೆಯ ಸೂಜಿ ಪೋಣಿಸಿ, ಮೊದಲ ರಂಧ್ರದಲ್ಲಿ ದಾರವನ್ನು ಸರಿಸಮ ಮಾಡಿಕೊಳ್ಳಿ. ಎಡಗೈ ಸೂಜಿಯನ್ನು ಮುಂದಿನ ರಂಧ್ರದಲ್ಲಿ ತೂರಿಸಿ ಎಳೆಯಿರಿ. ಬಲಗೈ ಸೂಜಿಯನ್ನು ಅದೇ ರಂಧ್ರದಲ್ಲಿ ತೂರಿಸುವಾಗ ಮೊದಲ ದಾರವನ್ನು ನಿಮ್ಮತ್ತ ತುಸು ಎಳೆದು ಹಿಡಿದರೆ ಸೂಜಿ ದಾರವನ್ನು ಸೀಳುವುದಿಲ್ಲ. ಆಮೇಲೆ ಎರಡನ್ನೂ ಒಟ್ಟಿಗೆ, ಒಂದೇ ಬಿಗಿಯಲ್ಲಿ ಎಳೆಯಬೇಕು. ಯಾವ ಸೂಜಿ ಮೊದಲು ಎಂಬ ಕ್ರಮವನ್ನು ಸಾಲಿನ ಕೊನೆಯವರೆಗೂ ಬದಲಿಸಬೇಡಿ, ಹೊಲಿಗೆ ಒಂದೇ ಓರೆಗೆ ಕೂರುವುದು ಆ ಕ್ರಮದಿಂದಲೇ. ತುದಿ ಮುಟ್ಟಿದ ಮೇಲೆ ಮೂರು ರಂಧ್ರ ಹಿಂದಕ್ಕೆ ಹೊಲಿದು, ಕತ್ತರಿಸಿ, ತುದಿಯನ್ನು ಬೆಂಕಿಯ ಬಿಸಿಗೆ ಕರಗಿಸಿ ಒತ್ತಿಬಿಡಿ.

ಇದು ಓದಿ ಅರ್ಥವಾಗುವುದಕ್ಕಿಂತ ನೋಡಿ ಬೇಗ ಬರುವ ಕೆಲಸ. ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದ ಶರಣ ಹರಳಯ್ಯ ದಂಪತಿಗಳ ಕಲ್ಯಾಣ, ಈಗಿನ ಬಸವಕಲ್ಯಾಣ, ನಮ್ಮ ಜಿಲ್ಲೆಯಲ್ಲೇ ಇದೆ. ಆದರೂ ರಸ್ತೆಬದಿಯಲ್ಲಿ ಕೂತು ಹೊಲಿಯುವವರನ್ನು ಗುರುವೆಂದು ಕಂಡು ಎದುರು ಕೂರುವವರು ಬಹಳ ಕಡಿಮೆ, ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ವಯಸ್ಸಾದ ಚಮ್ಮಾರರೊಬ್ಬರ ಬಳಿ ಒಂದು ಮಧ್ಯಾಹ್ನ ಕುಳಿತು, ರಂಪಿಗೆಯಿಂದ ಚರ್ಮದ ಅಂಚನ್ನು ತೆಳುವಾಗಿ ಹೆರೆಯುವ ಬಗೆಯನ್ನು ಕೇಳಿ ಕಲಿಯಿರಿ. ಕಲಿಸಿದ ಹೊತ್ತಿಗೆ ತಕ್ಕ ಹಣವನ್ನೂ ಕೊಡಿ. ಮುಚ್ಚಳದ ಮಡಿಕೆ ಸುಲಭವಾಗಿ ಬಾಗಲು ಆ ವಿದ್ಯೆಯೇ ಬೇಕಾಗುತ್ತದೆ.

ಹೊಲಿಗೆ ಮುಗಿದ ಮೇಲೆ ಗೂಡುಗಳು ಬಿಗಿ ಎನಿಸುತ್ತವೆ, ಹಾಗೆಯೇ ಇರಬೇಕು. ಉಳಿಗಳಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ, ಒರೆಯನ್ನು ಒದ್ದೆ ಬಟ್ಟೆಯಿಂದ ತೇವ ಮಾಡಿ, ಉಳಿಗಳನ್ನು ಒಳಗೆ ಸೇರಿಸಿ, ಬೆರಳಿನಿಂದ ಒತ್ತುತ್ತ ಕೂರಿಸಿ. ಕಪ್ಪು ಕಲೆಯ ಬಗ್ಗೆ ಮೊದಲೇ ಹೇಳಿದ್ದರಿಂದ ಪ್ಲಾಸ್ಟಿಕ್ಕನ್ನು ಬಿಡುವಂತಿಲ್ಲ. ಒಣಗಿಸುವುದು ನೆರಳಿನಲ್ಲೇ ಆಗಲಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಇಟ್ಟರೆ ಹೊರಮೈ ಬೇಗ ಒಣಗಿ ಕುಗ್ಗಿ ಬಿರುಸಾಗುತ್ತದೆ, ಮಡಚುವ ಜಾಗದಲ್ಲಿ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಅಂಚುಗಳನ್ನು 220ರ, ನಂತರ 400ರ ಉಪ್ಪುಕಾಗದದಿಂದ ಸಮ ಮಾಡಿ, ನೀರು ಸವರಿ, ನಯವಾದ ಕಟ್ಟಿಗೆಯಿಂದ ಹೊಳಪು ಬರುವವರೆಗೆ ಉಜ್ಜಿ, ಹೊರಮೈಗೆ ಜೇನುಮೇಣ ಹಚ್ಚಿದರೆ ಆಯಿತು. ಮನೆಯಲ್ಲಿದೆಯೆಂದು ಕುಸುಬೆ ಎಣ್ಣೆಯನ್ನು ಮಾತ್ರ ಹಚ್ಚಬೇಡಿ, ಅದು ಗಾಳಿಗೆ ಅಂಟಾಗಿ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಗೂಡಿನ ಒಳಗೆ ಯಾವ ಎಣ್ಣೆಯೂ ಬೇಡ, ಚರ್ಮ ಮೆತ್ತಗಾಗಿ ಹಿಡಿತ ಹೋಗುತ್ತದೆ.

ಒರೆ ಇರುವುದು ಮನೆಯಿಂದ ಕೆಲಸದ ಜಾಗಕ್ಕೆ ಉಳಿಗಳನ್ನು ಒಯ್ಯುವುದಕ್ಕೆ ಮತ್ತು ಕೆಲಸದ ದಿನ ಕೈಗೆಟಕುವಂತೆ ಇಟ್ಟುಕೊಳ್ಳುವುದಕ್ಕೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹವೆಯಲ್ಲಿ ತೇವ ಇರುವಾಗ, ಕೆಲವು ದಿನ ಕೆಲಸಕ್ಕೆ ಹೋಗುವುದಿಲ್ಲ ಎಂದಾದರೆ, ಉಳಿಗಳನ್ನು ಹೊರಗೆ ತೆಗೆದು ಎಣ್ಣೆ ಸವರಿ, ರಂಧ್ರ ಕೊರೆದ ಕಟ್ಟಿಗೆಯ ತುಂಡಿನಲ್ಲಿ ಮೊನೆ ಮೇಲಾಗಿ ನಿಲ್ಲಿಸಿ. ಖಾಲಿ ಒರೆಯ ಮುಚ್ಚಳವನ್ನು ತೆರೆದು ಗಾಳಿಯಾಡುವ ಕಡೆ ನೇತುಹಾಕಿ. ಹೊಸ ಒರೆಯಲ್ಲಿ ಮೊದಲ ವಾರ ಒಂದು ಹಳೆಯ ಉಳಿಯನ್ನು ಮಾತ್ರ ಇಟ್ಟು, ದಿನವೂ ತೆಗೆದು ನೋಡಿ. ಅದರ ಮೈ ಮಂಕಾಗದೆ ಉಳಿದರೆ ಮಿಕ್ಕ ಐದನ್ನೂ ಸೇರಿಸಬಹುದು.