ನೆಗಡಿ ಕಷಾಯ: ಕಾಳು ಮೊದಲು, ಎಲೆ ಕೊನೆಗೆ

“ಧಾರವಾಡದ ಜಿಟಿಜಿಟಿ ಮಳೀಗೆ ಮೂಗು ಕಟ್ಟೇತಿ. ಕಷಾಯ ಕುಡಿದ್ರ ಎದಿ ಉರೀತೇತಿ, ಮೂಗು ಮಾತ್ರ ಬಿಡವಲ್ದು” ಅಂತ ಕೇಳಿದ್ದೀರಿ. ಒಂದು ಲೋಟ ನೀರಿಗೆ ಎರಡು ಚಮಚ ಮೆಣಸಿನಕಾಳು, ತುಳಸಿ ಎಲ್ಲ ಒಟ್ಟಿಗೆ ಹಾಕಿ ಅರ್ಧ ತಾಸು ಕುದಿಸಿದ್ದೀರಿ. ಎದೆ ಉರಿಯದೆ ಇನ್ನೇನಾದೀತು? ತುಳಸಿ, ದೊಡ್ಡಪತ್ರೆಯ ಘಾಟಿರುವುದು ಹಬೆಯ ಜೊತೆ ಹಾರಿಹೋಗುವ ಎಣ್ಣೆಯಲ್ಲಿ. ಬೋಗುಣಿಯ ಬಾಯಿ ತೆರೆದಿಟ್ಟು ಕುದಿಸಿದರೆ ಅಡುಗೆಮನೆ ಘಮಘಮ, ಲೋಟದಲ್ಲಿ ಬರೀ ಖಾರ.

ಇಬ್ಬರಿಗೆ 3 ಲೋಟ ನೀರಿಡಿ. ಒಂದು ಚಮಚ ಹವೀಜ (ಕೊತ್ತಂಬರಿ ಕಾಳು), ಅರ್ಧ ಚಮಚ ಜೀರಿಗೆ, 6–8 ಮೆಣಸಿನಕಾಳು ಹಂಚಿನ ಮೇಲೆ ಬೆಚ್ಚಗೆ ಮಾಡಿ ತರಿತರಿಯಾಗಿ ಕುಟ್ಟಿ. ನುಣ್ಣಗಾದರೆ ಸೋಸಿದರೂ ಪುಡಿ ಉಳಿದು ಗಂಟಲು ಕೆರೆಯುತ್ತದೆ. ಹೆಬ್ಬೆರಳ ಒಂದು ಗೆಣ್ಣಿನಷ್ಟು ಹಸಿಶುಂಠಿ ಜಜ್ಜಿ ಹಾಕಿ, ಸಣ್ಣ ಉರಿಯಲ್ಲಿ 2 ಲೋಟಕ್ಕೆ ಇಳಿಸಿ. ಒಲೆ ಆರಿಸಿದ ಮೇಲೆ 8–10 ತುಳಸಿ ಎಲೆ, 2 ದೊಡ್ಡಪತ್ರೆ ಹರಿದು ಹಾಕಿ, ತಾಟು ಮುಚ್ಚಿ 5 ನಿಮಿಷ ಬಿಡಿ. ತಾಟಿನ ಒಳಮೈಗೆ ಕಟ್ಟಿದ ಹನಿಗಳನ್ನು ಬೋಗುಣಿಗೇ ಕೊಡವಿ. ಎಲೆಯ ವಾಸನೆ ಅದರಲ್ಲೂ ಇರುತ್ತದೆ. ಸಿಹಿಗೆ ಬೆಲ್ಲ. ಹಾಲು ನಾನು ಹಾಕುವುದಿಲ್ಲ, ಶುಂಠಿ-ಬೆಲ್ಲದ ಜೊತೆ ಕುದಿಸಿದರೆ ಒಡೆಯುವುದೇ ಹೆಚ್ಚು. ಊಟದ ನಂತರ ಅರ್ಧ ಲೋಟ, ದಿನಕ್ಕೆ ಎರಡೇ ಸಲ. ಖಾಲಿ ಹೊಟ್ಟೆಗೆ ಬೇಡವೇ ಬೇಡ.

ಕಟ್ಟಿದ ಮೂಗಿಗೆ ಕಷಾಯಕ್ಕಿಂತ ಅಜವಾನದ (ಓಮದ ಕಾಳಿನ) ಗಂಟೇ ವಾಸಿ. ಒಂದು ಚಮಚ ಅಜವಾನ ಹಂಚಿನ ಮೇಲೆ ಅರ್ಧ ನಿಮಿಷ ಬಿಸಿ ಮಾಡಿ, ತೆಳು ಅರಿವೆಯಲ್ಲಿ ಕಟ್ಟಿ, ಅಂಗೈಯಲ್ಲಿ ತಿಕ್ಕಿ ಮೂಸಿ. ಕಾಳು ಕಪ್ಪಾಯಿತೋ, ಅದಕ್ಕೆ ಘಾಟು ಕೊಡುವ ಥೈಮಾಲ್ ಎಂಬ ಅಂಶ ಹಾರಿಹೋಗಿ ಸುಟ್ಟ ಹೊಗೆಗೆ ಕೆಮ್ಮು ಹತ್ತುತ್ತದೆ.

ಮನೆಯಲ್ಲಿ ಕೂಸಿದ್ದರೆ: ವರ್ಷ ತುಂಬುವ ತನಕ ಜೇನು ನೆಕ್ಕಿಸಬೇಡಿ. ಮೂಗಿಗೆ ಎಣ್ಣೆ ಬಿಡುವುದೂ ಬೇಡ, ಅದು ಪುಪ್ಪುಸಕ್ಕೆ ಇಳಿಯಬಹುದು. ಬಿಸಿನೀರಿನ ಬೋಗುಣಿಯ ಮುಂದೆ ಮಕ್ಕಳನ್ನು ಕೂರಿಸಿದರೆ ಸುಡುವ ಭಯ. ಬಿಪಿ ಇರುವವರು ಜ್ಯೇಷ್ಠಮಧು ದಿನಾ ಅಗಿಯಬಾರದು, ಒತ್ತಡ ಏರುತ್ತದೆ.

ಇದೆಲ್ಲ ಹಾಯೆನಿಸುತ್ತದೆ, ಅಷ್ಟೇ. ನೆಗಡಿ ತನ್ನ 7–10 ದಿನ ತಗೊಂಡೇ ಹೋಗುವುದು. ಜ್ವರ 3 ದಿನ ದಾಟಿದರೆ, ಉಸಿರಾಡುವಾಗ ಎದೆ ಸುಂಯ್‌ಗುಟ್ಟಿದರೆ ಬೋಗುಣಿ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗ್ರಿ.