ನಿಮ್ಮ ಟಾಮ್‌ಗೆ ಚಿನ್ನ ಇಷ್ಟು ಬೇಗ ಸಿಗಬಾರದಿತ್ತು

ನಮಸ್ಕಾರ.

ಕೆನಡಾದ ಕ್ಲಾಂಡೈಕ್‌ಗೆ ಚಿನ್ನ ಹುಡುಕಲು ಹೊರಟವರ ನಿಮ್ಮ ಕಥೆ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೂ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಆದರೆ ಒಂದು ಸಾಲಿನ ಉತ್ತರ ಕಳಿಸಿ ಸುಮ್ಮನಾಗುವಂಥ ಕಥೆಯೂ ಇದಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನೀವು ಬರೆದಿರುವುದು ಇಷ್ಟು, ಅಲ್ವಾ? ಸಿಯಾಟಲ್‌ನ ಗುಮಾಸ್ತ ಟಾಮ್, 1897ರ ಜುಲೈನಲ್ಲಿ ಚಿನ್ನ ಹೊತ್ತ ಹಡಗು ಬಂದರಿಗೆ ಬಂದದ್ದನ್ನು ನೋಡಿ ಕೆಲಸ ಬಿಡುತ್ತಾನೆ. ಗೆಳೆಯ ಬೆನ್ ಜೊತೆ ಹೊರಡುತ್ತಾನೆ. ಎರಡನೇ ಪುಟ ಮುಗಿಯುವುದರೊಳಗೆ ಕ್ಲಾಂಡೈಕ್‌ನ ಊರಾದ ಡಾಸನ್ ಸಿಟಿ ತಲುಪಿ, ಮೂರನೇ ದಿನ ಹೊಳೆಗೆ ತಟ್ಟೆ ಅದ್ದಿದರೆ ಉಂಡೆ ಉಂಡೆ ಚಿನ್ನ. ಆಮೇಲೆ ಬಾರು, ಜೂಜು, ಬೆನ್ ಮಾಡುವ ಮೋಸ, ನಡುಬೀದಿಯಲ್ಲಿ ಪಿಸ್ತೂಲಿನ ಕಾಳಗ. ಕೊನೆಗೆ 'ನಿಜವಾದ ಚಿನ್ನ ಮನುಷ್ಯತ್ವವೇ' ಎಂಬ ಸಾಲು. ಆ ಸಾಲನ್ನು ಇವತ್ತೇ ಅಳಿಸಿಬಿಡಿ, ಅದರ ಬಗ್ಗೆ ಚರ್ಚೆಯೇ ಬೇಡ.

ಹಡಗಿನ ದೃಶ್ಯ ಸರಿಯಾಗಿದೆ. 'ಪೋರ್ಟ್‌ಲ್ಯಾಂಡ್' ಹಡಗು ಸಿಯಾಟಲ್‌ಗೆ ಬಂದದ್ದು ಜುಲೈ 17ಕ್ಕೆ. ಜನ ಕೆಲಸ ಬಿಟ್ಟು ಓಡಿದ್ದೂ ನಿಜ. ಆದರೆ ಒಂದು ಲೆಕ್ಕ ನಿಮ್ಮ ಕಣ್ಣು ತಪ್ಪಿದೆ. ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿದ್ದು 1896ರ ಆಗಸ್ಟ್ 16ರಂದು. ಹಡಗು ಬರುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ವರ್ಷ ಆಗಿತ್ತು. ಚಳಿಗಾಲದಲ್ಲಿ ಯೂಕಾನ್ ನದಿ ಹೆಪ್ಪುಗಟ್ಟುತ್ತದೆ, ಸುದ್ದಿ ಹೊರಗೆ ಹೋಗುವುದು ತಡ. ಅಷ್ಟರಲ್ಲಿ ಆಸುಪಾಸಿನ ಶಿಬಿರಗಳಲ್ಲಿ ಮೊದಲಿನಿಂದಲೂ ಇದ್ದವರು ಓಡಿಬಂದು ಬೊನಾಂಜಾ, ಎಲ್ಡೊರಾಡೊ ಹೊಳೆಗಳ ಉದ್ದಕ್ಕೂ ಗೂಟ ಹೊಡೆದು ಜಾಗ ತಮ್ಮ ಹೆಸರಿಗೆ ಬರೆಸಿಕೊಂಡಿದ್ದರು. ಅಂದರೆ ನಿಮ್ಮ ಟಾಮ್ ಬಂದರಿನಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದಾಗಲೇ ಒಳ್ಳೆಯ ಜಾಗಗಳೆಲ್ಲ ಹೋಗಿಬಿಟ್ಟಿದ್ದವು. ಅವನಿಗೆ ಅದು ಗೊತ್ತಿರಲಿಲ್ಲ. ಅವನ ಜೊತೆ ಹೊರಟವರಿಗೂ ಗೊತ್ತಿರಲಿಲ್ಲ. ಸುಮಾರು ಒಂದು ಲಕ್ಷ ಜನ ಹೊರಟರು, ಡಾಸನ್ ಮುಟ್ಟಿದವರು ಮೂವತ್ತು ನಲವತ್ತು ಸಾವಿರ, ಚಿನ್ನ ಕಂಡವರು ನಾಲ್ಕು ಸಾವಿರದಷ್ಟು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು.

ಇದನ್ನು ತಪ್ಪು ತಿದ್ದಲು ಮಾತ್ರ ಹೇಳುತ್ತಿಲ್ಲ. ಕಥೆ ಇರುವುದೇ ಇಲ್ಲಿ. ತಡವಾಗಿ ಬಂದವನ ಕಥೆ. ನೀವು ಅವನ ಕೈಗೆ ಮೂರೇ ದಿನಕ್ಕೆ ಚಿನ್ನ ಕೊಟ್ಟು ಅದನ್ನು ಕೊಂದಿದ್ದೀರಿ.

ಈಗ ದಾರಿಯ ವಿಷಯ. 'ಕಷ್ಟಪಟ್ಟು ಚಿಲ್ಕೂಟ್ ಕಣಿವೆ ದಾಟಿದರು' ಅಂತ ಒಂದು ಸಾಲು ಬರೆದಿದ್ದೀರಿ. ಕಾಳಗಕ್ಕೆ ನಾಲ್ಕು ಪುಟ! ತಲೆಕೆಳಗಾಗಿದೆ. ಅಲಾಸ್ಕಾದಿಂದ ಕೆನಡಾಕ್ಕೆ ದಾಟುವ ಬೆಟ್ಟದ ದಾರಿ ಚಿಲ್ಕೂಟ್, ಅದರ ನೆತ್ತಿಯ ಮೇಲೆ ಕೆನಡಾದ ಮೌಂಟೆಡ್ ಪೊಲೀಸರು ಕೂತಿದ್ದರು. ಒಂದು ವರ್ಷಕ್ಕೆ ಸಾಕಾಗುವಷ್ಟು ದಿನಸಿ ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ, ಮುಂದೆ ಹಸಿವಿನಿಂದ ಸಾಯುತ್ತಾರೆ ಅಂತ. ಹಿಟ್ಟು, ಬೇಕನ್, ಬೀನ್ಸ್, ಗುಡಾರ, ಗರಗಸ, ಮೊಳೆ, ಒಲೆ ಎಲ್ಲ ಸೇರಿ ತಲೆಗೆ ಒಂದು ಟನ್ ಹತ್ತಿರ. ಬೆನ್ನ ಮೇಲೆ ಒಂದು ಸಲಕ್ಕೆ ಹೊರಲಾಗುವುದು ಇಪ್ಪತ್ತೈದು ಕಿಲೋ ಅಂತ ಇಟ್ಟುಕೊಳ್ಳಿ. ಎಷ್ಟು ಸಲ ಹತ್ತಬೇಕು, ನೀವೇ ಲೆಕ್ಕ ಹಾಕಿ. ಹತ್ತಿ, ಇಳಿಸಿ, ಬರಿಗೈಲಿ ಹಿಮದ ಮೇಲೆ ಜಾರಿಕೊಂಡು ಕೆಳಗೆ ಬಂದು, ಮತ್ತೆ ಹೊತ್ತು, ಮತ್ತೆ ಅದೇ ಸಾಲಿನಲ್ಲಿ ನಿಂತು. ಕೊನೆಯ ಏರಿನಲ್ಲಿ ಮಂಜುಗಡ್ಡೆಯಲ್ಲಿ ಕಡಿದ ಸುಮಾರು ಸಾವಿರದ ಐನೂರು ಮೆಟ್ಟಿಲು. ಒಬ್ಬರ ಹಿಂದೆ ಒಬ್ಬರು. ದಣಿವಾಯಿತು ಅಂತ ಪಕ್ಕಕ್ಕೆ ಸರಿದರೆ ಮತ್ತೆ ಸಾಲಿಗೆ ನುಗ್ಗಲು ಯಾರೂ ಜಾಗ ಬಿಡುವುದಿಲ್ಲ. ದುಡ್ಡಿದ್ದವರು ಅಲ್ಲಿನ ಟ್ಲಿಂಗಿಟ್ ಜನರಿಗೆ ತೂಕದ ಲೆಕ್ಕದಲ್ಲಿ ಕೂಲಿ ಕೊಟ್ಟು ಹೊರಿಸಿದರು. ಗುಮಾಸ್ತ ಟಾಮ್ ಹತ್ತಿರ ಎಷ್ಟಿತ್ತು? ಕಥೆ ಪೂರ್ತಿ ಹುಡುಕಿದೆ, ಅವನ ಜೇಬಿನಲ್ಲಿ ಎಷ್ಟಿದೆ ಅಂತ ಒಂದು ಕಡೆಯೂ ಇಲ್ಲ. ದುಡ್ಡಿಗಾಗಿ ಮನೆ ಬಿಟ್ಟವನ ಕಥೆಯಲ್ಲಿ ದುಡ್ಡಿನ ಲೆಕ್ಕವೇ ಇಲ್ಲ ಅಂದರೆ ಹೇಗೆ?

ಪಕ್ಕದ ವೈಟ್ ಪಾಸ್ ದಾರಿಯಲ್ಲಿ ಸುಮಾರು ಮೂರು ಸಾವಿರ ಕುದುರೆಗಳು ಸತ್ತವು. 1898ರ ಏಪ್ರಿಲ್ 3ರಂದು ಚಿಲ್ಕೂಟ್‌ನಲ್ಲಿ ಹಿಮ ಕುಸಿದು ಅರವತ್ತಕ್ಕೂ ಹೆಚ್ಚು ಜನ ಹೋದರು. ಇವನ್ನು ತುರುಕಿ ಅಂತಲ್ಲ. ನಿಮ್ಮ ನಾಯಕನ ಮೈಗೆ ಯಾವ ಭಾರವೂ ತಾಕಿಲ್ಲ ಅನ್ನುವುದು ನನ್ನ ತಕರಾರು.

ಒಂದೇ ಒಂದು ಕಡೆ ತಾಕಿದೆ. ಚಿಲ್ಕೂಟ್ ದಾಟಿದ ಮೇಲಿನ ಬೆನೆಟ್ ಸರೋವರದ ದಂಡೆಯಲ್ಲಿ, ಬೆನ್ ಮಾತೇ ಆಡದೆ ಬೀನ್ಸ್ ಎಣಿಸಿ ಎರಡು ತಟ್ಟೆಗೆ ಹಾಕುತ್ತಾನಲ್ಲ, ಟಾಮ್ ಕೂಡ ಮನಸ್ಸಿನಲ್ಲೇ ಎಣಿಸುತ್ತಿರುತ್ತಾನಲ್ಲ, ಆ ಪ್ಯಾರಾ. ಅದನ್ನು ನಾನು ಎರಡು ಸಲ ಓದಿದೆ. ಆ ಪ್ಯಾರಾ ಬರೆದವರು ಉಳಿದದ್ದನ್ನು ಯಾಕೆ ಹೀಗೆ ಬರೆದರು ಅಂತ ಸಿಟ್ಟೂ ಬಂತು. ಸಾವಿರಾರು ಜನ ಆ ಚಳಿಗಾಲವನ್ನು ಕಳೆದದ್ದು ಬೆನೆಟ್, ಲಿಂಡೆಮನ್ ಸರೋವರಗಳ ದಂಡೆಯಲ್ಲಿ, ಮರ ಕಡಿದು, ದೋಣಿ ಕಟ್ಟಿಕೊಂಡು, ನೀರಿನ ದಾರಿಯಲ್ಲಿ ಡಾಸನ್‌ಗೆ ಹೋಗಲು ಮಂಜು ಕರಗುವುದನ್ನು ಕಾಯುತ್ತ. ದಿಮ್ಮಿಯನ್ನು ಅಟ್ಟಣೆ ಮೇಲಿಟ್ಟು ಉದ್ದ ಗರಗಸದಿಂದ ಹಲಗೆ ಸೀಳಬೇಕು. ಒಬ್ಬ ಮೇಲೆ ನಿಂತು ಎಳೆಯುತ್ತಾನೆ, ಇನ್ನೊಬ್ಬ ಕೆಳಗೆ. ಕೆಳಗಿನವನ ಕಣ್ಣಿಗೆಲ್ಲ ಮರದ ಪುಡಿ. ಮೇಲಿನವನು ಸರಿಯಾಗಿ ಎಳೆಯುತ್ತಿಲ್ಲ ಅಂತ ಇವನು, ಕೆಳಗಿನವನು ಜೋತುಬೀಳುತ್ತಾನೆ ಅಂತ ಅವನು. ಎಷ್ಟೋ ವರ್ಷದ ಸ್ನೇಹಗಳು ಅಲ್ಲಿ ಮುರಿದವು. ಪಾಲು ಮಾಡಿಕೊಳ್ಳಲು ಕಟ್ಟಿದ ದೋಣಿಯನ್ನೇ ಎರಡು ತುಂಡು ಕೊಯ್ದುಕೊಂಡವರಿದ್ದರು ಅಂತಾರೆ. ಬೆನ್‌ನನ್ನು ಖಳನಾಯಕ ಮಾಡಲು ಚಿನ್ನದ ಚೀಲ ಕದಿಸುವುದೇ ಬೇಕಿಲ್ಲ. ಒಂದು ಗರಗಸ ಸಾಕು. 1898ರ ಮೇ 29ಕ್ಕೆ ಮಂಜು ಒಡೆದು, ಏಳು ಸಾವಿರಕ್ಕೂ ಹೆಚ್ಚು ದೋಣಿಗಳು ಕೆಲವೇ ದಿನಗಳಲ್ಲಿ ಹೊರಟವು. ಅದರಲ್ಲಿ ಈ ಇಬ್ಬರೂ ಒಂದೇ ದೋಣಿಯಲ್ಲಿದ್ದರಾ?

ಗಣಿಗಾರಿಕೆ ಭಾಗ ಪೂರ್ತಿ ತಿದ್ದಬೇಕು. ಬೊನಾಂಜಾದ ಹೆಚ್ಚಿನ ಚಿನ್ನ ಹೊಳೆ ನೀರಲ್ಲಿ ಮಿನುಗುತ್ತ ಬಿದ್ದಿರಲಿಲ್ಲ. ಬೇಸಿಗೆಯಲ್ಲೂ ಕರಗದ ನೆಲದ ಅಡಿಯಲ್ಲಿ, ತಳದ ಬಂಡೆಯ ಹತ್ತಿರ ಇತ್ತು. ರಾತ್ರಿ ಬೆಂಕಿ ಹಾಕಿ ನೆಲ ಕರಗಿಸಬೇಕು, ಬೆಳಗ್ಗೆ ಹೊಗೆ ತುಂಬಿದ ಗುಂಡಿಗಿಳಿದು ಕರಗಿದಷ್ಟನ್ನು ಅಗೆಯಬೇಕು, ರಾಟೆಯಿಂದ ಬಕೆಟ್ ಮೇಲೆಳೆದು ಸುರಿಯಬೇಕು. ಮತ್ತೆ ಬೆಂಕಿ. ಹೀಗೆ ಚಳಿಗಾಲ ಪೂರ್ತಿ. ಆ ಮಣ್ಣು ಗುಡ್ಡೆಯಾಗಿ ಗುಡಿಸಲ ಮುಂದೆ ಬಿದ್ದಿರುತ್ತದೆ. ನಡುನಡುವೆ ಒಂದು ತಟ್ಟೆ ತೊಳೆದು ಅಂದಾಜು ಮಾಡಬಹುದು, ಆದರೆ ನಿಜವಾಗಿ ಎಷ್ಟಿದೆ ಅಂತ ಗೊತ್ತಾಗುವುದು ವಸಂತದಲ್ಲಿ ನೀರು ಹರಿದು, ಹಲಗೆಯ ಕಾಲುವೆಯಲ್ಲಿ ಅದನ್ನೆಲ್ಲ ತೊಳೆದ ಮೇಲೆ. ತಿಂಗಳುಗಟ್ಟಲೆ ಆ ಗುಡ್ಡೆ ನೋಡಿಕೊಂಡು ಬದುಕಬೇಕು, ಅದೂ ಬೇರೆಯವರ ಜಾಗದಲ್ಲಿ ಕೂಲಿಗೆ ಅಗೆದದ್ದಾದರೆ? ಇದಕ್ಕಿಂತ ದೊಡ್ಡ ನಾಟಕ ನಿಮ್ಮ ಪಿಸ್ತೂಲಿನಲ್ಲಿ ಇಲ್ಲ.

ಏಳನೇ ಪುಟದ ಆಳದ ಸುರಂಗ, ಹಳಿ ಮೇಲಿನ ಗಾಡಿ, ಪಾಳಿ ಬದಲಾಗುವ ಸೈರನ್ ಕೋಲಾರದಿಂದ ಬಂದಂತಿದೆ. ನಮ್ಮವರಿಗೆ ಚಿನ್ನದ ಗಣಿ ಅಂದರೆ ಅದೇ ಕಣ್ಣಿಗೆ ಬರುವುದು, ಸಹಜ. ಆದರೆ ಅದು ಗಟ್ಟಿ ಬಂಡೆಯೊಳಗಿನ ಚಿನ್ನ, ಕಂಪನಿಯ ಗಣಿ, ಸಂಬಳದ ಆಳುಗಳು. ಬೇರೆಯೇ ಲೋಕ. (ಕೋಲಾರವೇ ಬೇಕಿದ್ದರೆ ಮೈಕಲ್ ಲ್ಯಾವೆಲ್ ಬಗ್ಗೆ ಬರೆಯಿರಿ. ನ್ಯೂಜಿಲೆಂಡ್‌ನಲ್ಲಿ ಸೈನಿಕನಾಗಿದ್ದು, ಅಲ್ಲಿನ ಚಿನ್ನದ ಹುಚ್ಚು ತಲೆಗೇರಿಸಿಕೊಂಡು ಬೆಂಗಳೂರಿಗೆ ಬಂದು, 1870ರ ದಶಕದಲ್ಲಿ ಕೋಲಾರದಲ್ಲಿ ಅಗೆಯಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದವನು. ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ಕಾಫಿ ಕುಡಿಯುವವರಲ್ಲಿ ಎಷ್ಟು ಜನರಿಗೆ ಅವನು ಗೊತ್ತೋ. ಆದರೆ ಅದು ಇನ್ನೊಂದು ಕಥೆ.)

ಕಾಳಗ ಹೋಗಲೇಬೇಕು. ಡಾಸನ್ ಕೆನಡಾದಲ್ಲಿತ್ತು. ಸ್ಯಾಮ್ ಸ್ಟೀಲ್ ಎಂಬ ಅಧಿಕಾರಿಯ ಕೈಕೆಳಗೆ ಪೊಲೀಸರು ಬಿಗಿಯಾಗಿದ್ದರು. ಪಿಸ್ತೂಲು ಸಿಗಿಸಿಕೊಂಡು ಊರಲ್ಲಿ ಓಡಾಡುವ ಹಾಗಿರಲಿಲ್ಲ. ಭಾನುವಾರ ಬಾರುಗಳೂ ಬಂದ್. ನಿಮಗೆ ಗುಂಡಿನ ಸದ್ದು ಬೇಕೇ ಬೇಕು ಅಂದರೆ ಅಮೆರಿಕದ ಕಡೆಯ ಸ್ಕ್ಯಾಗ್ವೇ ಊರಿದೆ, ಅಲ್ಲಿ ಸೋಪಿ ಸ್ಮಿತ್ ಎಂಬ ವಂಚಕ 1898ರ ಜುಲೈ 8ರಂದು ಗುಂಡೇಟಿಗೆ ಸತ್ತ. ಇನ್ನೊಂದು, ಜೂನ್ ರಾತ್ರಿಯಲ್ಲಿ ಟಾಮ್ ನಕ್ಷತ್ರ ನೋಡುತ್ತ ಮನೆ ನೆನೆಸಿಕೊಳ್ಳುತ್ತಾನೆ. ಡಾಸನ್‌ನಲ್ಲಿ ಜೂನ್‌ನಲ್ಲಿ ಕತ್ತಲೇ ಆಗುವುದಿಲ್ಲ. ಮನೆ ನೆನೆಸಿಕೊಳ್ಳಲಿ, ಬೆಳಕಲ್ಲೇ.

ಕುಣಿಯುವ ಹುಡುಗಿ ಲಿಲ್ಲಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವಳು ಟಾಮ್‌ಗೆ ಅಳಲು ಒಂದು ಹೆಗಲು, ಅಷ್ಟೇ. ಬೆಲಿಂಡಾ ಮಲ್ರೂನಿ ಎಂಬ ಹೆಂಗಸು 1897ರಲ್ಲಿ ಬಟ್ಟೆ ಮತ್ತು ಬಿಸಿನೀರಿನ ಚೀಲ ತಂದು ಭಾರಿ ಲಾಭಕ್ಕೆ ಮಾರಿದಳು, ಆ ದುಡ್ಡು ಬೆಳೆಸಿ ಡಾಸನ್‌ನಲ್ಲಿ ಫೇರ್‌ವ್ಯೂ ಹೋಟೆಲ್ ಕಟ್ಟಿಸಿದಳು. ಲಿಲ್ಲಿಗೂ ಏನಾದರೂ ವ್ಯಾಪಾರ ಕೊಡಿ.

ಹಾಗೇ, 'ದಾರಿ ತೋರಿಸಿದ ಕಾಡುಜನ' ಅಂತ ಒಂದು ಕಡೆ ಬರೆದು ಮುಂದೆ ಹೋಗಿದ್ದೀರಿ. ಕ್ಲಾಂಡೈಕ್ ನದಿ ಯೂಕಾನ್ ಸೇರುವ ಜಾಗ ಹಾನ್ ಎಂಬ ಮೂಲನಿವಾಸಿ ಜನರ ಮೀನು ಹಿಡಿಯುವ ನೆಲೆ. ಚಿನ್ನದವರು ನುಗ್ಗಿದ ಮೇಲೆ ಅವರ ಮುಖಂಡ ಐಸಾಕ್ ತನ್ನ ಜನರನ್ನು ಕರೆದುಕೊಂಡು ನದಿಯ ಕೆಳಗಿನ ಮೂಸ್‌ಹೈಡ್‌ಗೆ ಹೋಗಬೇಕಾಯಿತು. ಮೊದಲ ಚಿನ್ನ ಕಂಡ ಗುಂಪಿನಲ್ಲೂ ಜಾರ್ಜ್ ಕಾರ್ಮ್ಯಾಕ್ ಬಿಟ್ಟರೆ ಉಳಿದವರು, ಸ್ಕೂಕಮ್ ಜಿಮ್, ಡಾಸನ್ ಚಾರ್ಲಿ, ಕಾರ್ಮ್ಯಾಕ್‌ನ ಹೆಂಡತಿ ಕೇಟ್, ಎಲ್ಲ ಟ್ಯಾಗಿಶ್ ಎಂಬ ಮೂಲನಿವಾಸಿ ಜನ. ಕಾಡುಜನ ಅಂದು ಮುಗಿಸಬೇಡಿ.

ಮತ್ತೆ ಬರೆಯುವುದಾದರೆ ಬೆನೆಟ್‌ನಿಂದಲೇ ಶುರು ಮಾಡಿ. ಹಡಗಿನ ದೃಶ್ಯ ಚೆನ್ನಾಗಿದ್ದರೂ ಬಿಡಿ, ಬೇಕಾದರೆ ಎರಡು ಸಾಲಿನಲ್ಲಿ ನೆನಪಾಗಿ ಬರಲಿ. ಟಾಮ್ 1898ರ ಜೂನ್‌ನಲ್ಲಿ ಡಾಸನ್ ಮುಟ್ಟಲಿ, ಗೂಟ ಹೊಡೆಯಲು ಒಳ್ಳೆಯ ಜಾಗವೇ ಇಲ್ಲ ಅಂತ ಗೊತ್ತಾಗಲಿ. ಆಮೇಲೆ ಅವನು ಏನು ಮಾಡಿದ? ಎಷ್ಟೋ ಜನ ಹೊತ್ತು ತಂದ ದಿನಸಿ ಮಾರಿ ವಾಪಸು ಟಿಕೆಟ್ ತೆಗೆದುಕೊಂಡರು. ಕೆಲವರು ಕೂಲಿಗೆ ನಿಂತರು. 1899ರ ಬೇಸಿಗೆಯಲ್ಲಿ ಅಲಾಸ್ಕಾದ ನೋಮ್ ಕಡಲ ಮರಳಲ್ಲಿ ಚಿನ್ನವಿದೆ ಅಂತ ಸುದ್ದಿ ಬಂತು, ಸಾವಿರಾರು ಜನ ಡಾಸನ್ ಬಿಟ್ಟು ಅತ್ತ ಓಡಿದರು. ಟಾಮ್ ಓಡುತ್ತಾನಾ? ಬೆನ್ ಓಡಿದರೆ ಟಾಮ್ ಉಳಿಯುತ್ತಾನಾ? ಇದನ್ನು ನೀವು ತೀರ್ಮಾನಿಸಿ, ನನ್ನನ್ನು ಕೇಳಬೇಡಿ.

ಮೂರು ಸಾವಿರ ಪದ ದಾಟಬೇಡಿ. ಪುಟಸಂಖ್ಯೆ ಹಾಕಿ, ಈ ಸಲ ಇರಲಿಲ್ಲ. ಬೀನ್ಸ್ ಎಣಿಸುವ ಪ್ಯಾರಾ ಮಾತ್ರ ಒಂದಕ್ಷರವೂ ಮುಟ್ಟಬೇಡಿ.