ಕಾಲು ಎತ್ತಬೇಡ್ರಿ, ಒತ್ತಿ ಹಿಡೀರಿ

ಪ್ರಶ್ನೆ: ಸರ್, ಹೋದ ತಿಂಗಳು ಹರಿಹರದಿಂದ ದಾವಣಗೆರೆಗೆ ಬರ್ತಿದ್ದೆ, ಆಗಷ್ಟೇ ಹನಿ ಶುರುವಾಗಿತ್ತು, ಎಮ್ಮೆ ಅಡ್ಡ ಬಂತು ಅಂತ ಜೋರಾಗಿ ಬ್ರೇಕ್ ತುಳಿದೆ. ಪೆಡಲ್ಲು ಕಟಕಟ ಅಂತ ಕಾಲಿಗೆ ಒದೆಯೋಕೆ ಹತ್ತಿತು, ಬ್ರೇಕೇ ಮುರೀತೇನೋ ಅಂತ ಗಾಬರಿಯಾಗಿ ಕಾಲು ಎತ್ತಿಬಿಟ್ಟೆ. ಎಮ್ಮೆ ಓಡಿಹೋಗಿದ್ದಕ್ಕೆ ಬಚಾವಾದೆ. ಗ್ಯಾರೇಜಲ್ಲಿ ಕೇಳಿದ್ರೆ ಅದು ಎಬಿಎಸ್, ಕಿರಿಕಿರಿ ಆದ್ರೆ ಫ್ಯೂಸ್ ಕಿತ್ತುಬಿಡೋಣ ಅಂದ್ರು. ತೆಗೆಸ್ಲಾ?
- ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಬೇಡ್ರಿ, ದಯವಿಟ್ಟು ತೆಗೆಸಬೇಡಿ. ಅವತ್ತು ನಿಮ್ಮ ಕಾಲಿಗೆ ಒದ್ದಿದ್ದು ಕೆಟ್ಟ ಬ್ರೇಕಲ್ಲ, ಕೆಲಸ ಮಾಡ್ತಿದ್ದ ಬ್ರೇಕು.

ಒದ್ದೆ ರೋಡಲ್ಲಿ ಜೋರಾಗಿ ತುಳಿದ್ರೆ ಚಕ್ರ ತಿರುಗೋದು ನಿಲ್ಲುತ್ತೆ ಆದ್ರೆ ಕಾರು ನಿಲ್ಲಲ್ಲ, ಜಾರ್ತಾ ಹೋಗುತ್ತೆ, ಜಾರೋ ಟೈರು ಸ್ಟೇರಿಂಗ್ ಮಾತು ಕೇಳಲ್ಲ, ನೀವು ಎಷ್ಟು ತಿರುಗಿಸಿದ್ರೂ ನೇರ ಎಮ್ಮೆ ಮೇಲೇ ಹೋಗುತ್ತೆ. ಅದಕ್ಕೇ ಎಬಿಎಸ್ ಇರೋದು, ಅಂದ್ರೆ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ವ್ಯವಸ್ಥೆ. ಒಂದೊಂದು ಚಕ್ರದ ಹತ್ರ ಒಂದೊಂದು ಸೆನ್ಸಾರ್ ಇರುತ್ತೆ. ಚಕ್ರ ಲಾಕ್ ಆಗೋ ಹಂಗೆ ಕಂಡ ಕೂಡ್ಲೇ ಆ ಚಕ್ರದ ಬ್ರೇಕ್ ಆಯಿಲ್ ಒತ್ತಡ ಸ್ವಲ್ಪ ಬಿಡುತ್ತೆ, ಮತ್ತೆ ಹಿಡಿಯುತ್ತೆ, ಹಿಂಗೆ ಸೆಕೆಂಡಿಗೆ ಹತ್ತಾರು ಸಲ. ಆ ಬಿಡೋದು ಹಿಡಿಯೋದೇ ಆಯಿಲ್ ಮೂಲಕ ಪೆಡಲ್ಲಿಗೆ ಬಂದು ಕಟಕಟ ಅನ್ನುತ್ತೆ.

ನಾನೂ ಒಂದ್ಸಲ ಮಳೆ ನಿಂತ ಮೇಲೆ ಖಾಲಿ ಮೈದಾನದಲ್ಲಿ ಒಂದು ಪ್ಲಾಸ್ಟಿಕ್ ಕೊಡ ಇಟ್ಟು ನಲವತ್ತರ ಸ್ಪೀಡಲ್ಲಿ ಬಂದು ತುಳಿದು ನೋಡಿದೀನಿ. ಒದೆಯುತ್ತೆ ಅಂತ ಗೊತ್ತಿದ್ರೂ ಮೊದಲ ಎರಡು ಸಲ ಕಾಲು ತಾನೇ ಮೇಲೆ ಬಂತು, ಕೊಡ ಚಪ್ಪಟೆ. ಮೂರನೇ ಸಲ ಬೇರೆ ಕೊಡ ಇಟ್ಟು, ಹಲ್ಲು ಕಚ್ಚಿ ಒತ್ತಿ ಹಿಡಿದು ಸ್ಟೇರಿಂಗ್ ತಿರುಗಿಸಿದೆ, ಕಾರು ಕೊಡದ ಪಕ್ಕಕ್ಕೆ ಸರಿದು ನಿಂತ್ಕೊಂಡ್ತು. ನೀವೂ ಜನ ಇಲ್ಲದ ಜಾಗದಲ್ಲಿ ಒಂದು ಸಲ ಮಾಡಿ ನೋಡಿ, ಕಾಲಿಗೆ ಅದು ರೂಢಿಯಾಗಬೇಕು. ಹಳೇ ಗಾಡಿ ಓಡಿಸಿದ ಹಿರಿಯರು ಬ್ರೇಕನ್ನ ಬಿಟ್ಟುಬಿಟ್ಟು ಒತ್ತು ಅಂತಾರಲ್ಲ, ಆ ಗಾಡಿಗೆ ಅದು ಸರಿ. ನಿಮ್ಮದರಲ್ಲಿ ಆ ಕೆಲಸ ಮಷೀನೇ ಮಾಡುತ್ತೆ. 1978ರಲ್ಲಿ ಬಾಷ್ ಕಂಪನಿ ಮಾಡಿದ ಎಬಿಎಸ್ ಮೊದಲು ಮರ್ಸಿಡಿಸ್ ಎಸ್-ಕ್ಲಾಸಿಗೆ ಬಂತು, ಆವಾಗ ಅದು ಶ್ರೀಮಂತರ ಸೊತ್ತು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯ ಆಯ್ತು. ಇಷ್ಟು ವರ್ಷ ಕಾದು ನಮ್ಮ ಕೈಗೆ ಬಂದಿದ್ದನ್ನ ಒಂದು ಫ್ಯೂಸ್ ಕಿತ್ತು ಕಳ್ಕೊಳ್ಳೋದಾ?

ಪ್ರಶ್ನೆ: ಮಗಳ ಹೊಸ ಕಾರಲ್ಲಿ ಜೋಗಿಮಟ್ಟಿಯಿಂದ ಇಳಿಯುವಾಗ ತಿರುವಲ್ಲಿ ಮೀಟರಿನ ಮೇಲೆ ಜಾರೋ ಕಾರಿನ ಚಿತ್ರ ಮಿನುಗಿ ಆರಿಹೋಯ್ತು. ಅದೇನು ಕಂಪ್ಲೇಂಟಾ? ಅದು ಇದ್ರೆ ತಿರುವಲ್ಲೂ ಸ್ಪೀಡಾಗಿ ಹೋಗಬಹುದಂತೆ, ಹೌದಾ?
- ಓದುಗರು, ಚಿತ್ರದುರ್ಗ

ಉತ್ತರ: ಕಂಪ್ಲೇಂಟ್ ಅಲ್ಲಮ್ಮ. ಅದು ಇಎಸ್‌ಸಿ, ಅಂದ್ರೆ ಕಾರು ಜಾರಿ ದಾರಿ ತಪ್ಪದಂಗೆ ನೋಡ್ಕೊಳ್ಳೋ ವ್ಯವಸ್ಥೆ, ಕೆಲವು ಕಂಪನಿಯವರು ಇಎಸ್‌ಪಿ ಅಂತಾರೆ. ಸ್ಟೇರಿಂಗ್ ಯಾವ ಕಡೆ ತಿರುಗಿದೆ, ಕಾರು ನಿಜವಾಗಿ ಯಾವ ಕಡೆ ಹೋಗ್ತಿದೆ ಅಂತ ಎರಡನ್ನೂ ನೋಡ್ತಾನೇ ಇರುತ್ತೆ, ತಾಳೆ ಆಗದೆ ಇದ್ರೆ ಇಂಜಿನ್ ಜೋರು ತಗ್ಗಿಸಿ ಒಂದೇ ಒಂದು ಚಕ್ರಕ್ಕೆ ಬ್ರೇಕ್ ಹಾಕುತ್ತೆ. ಹಿಂಭಾಗ ಹೊರಗೆ ಬೀಸಿದ್ರೆ ಹೊರಗಡೆಯ ಮುಂದಿನ ಚಕ್ರಕ್ಕೆ, ಮೂತಿನೇ ತಿರುವು ಬಿಟ್ಟು ಹೊರಗೆ ಹೋದ್ರೆ ಒಳಗಡೆಯ ಹಿಂದಿನ ಚಕ್ರಕ್ಕೆ. ಎಷ್ಟೇ ನುರಿತ ಡ್ರೈವರ್ ಆದ್ರೂ ಇದು ಮಾಡೋಕಾಗಲ್ಲ, ಅವನಿಗೆ ಇರೋದು ಒಂದೇ ಪೆಡಲ್ಲು. 1997ರಲ್ಲಿ ಸ್ವೀಡನ್ನಿನಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಕಾರು, ಅಡ್ಡ ಬಂದ ಪ್ರಾಣಿನ ತಪ್ಪಿಸೋ ಪರೀಕ್ಷೆಯಲ್ಲಿ ಪಲ್ಟಿ ಹೊಡೀತು, ಆಮೇಲೆ ಕಂಪನಿ ಆ ಕಾರಿಗೆಲ್ಲ ಇದನ್ನ ಹಾಕಿಸ್ತು.

ಚಿತ್ರ ಮಿನುಗಿದ್ರೆ ಅದು ಕೆಲಸ ಮಾಡ್ತಿದೆ ಅಂತ, ಹತ್ತಿ ಹಂಗೇ ಉಳಿದ್ರೆ ಸರ್ವೀಸಿಗೆ ತೋರಿಸಿ, ಜೊತೆಗೆ ಆಫ್ ಅಂತ ಬಂದ್ರೆ ಯಾರೋ ಸ್ವಿಚ್ ಒತ್ತಿದಾರೆ.

ಸ್ಪೀಡಿನ ಮಾತು ಮಾತ್ರ ಮಗಳ ತಲೆಯಿಂದ ತೆಗೆಸಿಬಿಡಿ. ಇದೆಲ್ಲ ಹಿಡಿತ ಹುಡುಕೋದು ಟೈರಲ್ಲಿ, ಟೈರು ಸವೆದು ನುಣ್ಣಗಾಗಿದ್ರೆ ಹುಡುಕೋಕೇ ಏನೂ ಇರಲ್ಲ. ಸ್ಪೀಡ್ ಎರಡು ಪಟ್ಟಾದ್ರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋಕೆ ಬೇಕಾಗೋ ದೂರ ಸುಮಾರು ನಾಕು ಪಟ್ಟಾಗುತ್ತೆ. ಸುಗ್ಗಿಯಲ್ಲಿ ನಮ್ಮ ಕಡೆ ರೋಡ್ ಮೇಲೇ ಮೆಕ್ಕೆಜೋಳ ಒಣಗಿಸ್ತಾರಲ್ಲ, ಆ ಕಾಳು ಟೈರಿನ ಕೆಳಗೆ ಗೋಲಿ ಇದ್ದಂಗೆ, ಅಲ್ಲಿ ಯಾವ ಕಂಪ್ಯೂಟರೂ ಕೈ ಹಿಡಿಯಲ್ಲ, ದೂರದಿಂದಲೇ ನಿಧಾನ ಮಾಡಬೇಕು. ಸಡಿಲ ಜಲ್ಲಿ ಮೇಲಂತೂ ಎಬಿಎಸ್ ಇರೋ ಕಾರು ನಿಲ್ಲೋಕೆ ಇನ್ನೂ ಸ್ವಲ್ಪ ಜಾಸ್ತಿ ದೂರ ತಗೋಬಹುದು, ಯಾಕಂದ್ರೆ ಲಾಕ್ ಆದ ಚಕ್ರ ತನ್ನ ಮುಂದೆ ಜಲ್ಲಿ ಗುಡ್ಡೆ ಹಾಕ್ಕೊಂಡು ನಿಲ್ಲುತ್ತೆ, ತಿರುಗೋ ಚಕ್ರಕ್ಕೆ ಆ ಗುಡ್ಡೆ ಸಿಗಲ್ಲ.

ಪ್ರಶ್ನೆ: ತೋಟದ ಕೆಸರಲ್ಲಿ ಹೋಗಿ ಬಂದಾಗಿಂದ ಎಬಿಎಸ್ ದೀಪ ಆರ್ತಾ ಇಲ್ಲ. ಓಡಿಸಬಹುದಾ?
- ಓದುಗರು, ಚನ್ನಗಿರಿ

ಉತ್ತರ: ಹಳದಿ ದೀಪ ಒಂದೇ ಆದ್ರೆ ಮಾಮೂಲಿ ಬ್ರೇಕ್ ಇರುತ್ತೆ, ಎಬಿಎಸ್ ಇರಲ್ಲ, ನಿಧಾನಕ್ಕೆ ಗ್ಯಾರೇಜಿಗೆ ಹೋಗಿ. ಚಕ್ರದ ಹತ್ರ ಸೆನ್ಸಾರಿಗೆ ಕೆಸರು ಮೆತ್ತಿದೆಯಾ, ವೈರನ್ನ ಇಲಿ ಕಡಿದಿದೆಯಾ ನೋಡಿಸಿ. ಜೊತೆಗೆ ಕೆಂಪು ಬ್ರೇಕ್ ದೀಪನೂ ಹತ್ತಿದ್ದು ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೂ ಆರದೆ ಇದ್ರೆ ಗಾಡಿ ಮುಟ್ಟಬೇಡಿ, ಮೆಕ್ಯಾನಿಕ್ಕನ್ನೇ ಗಾಡಿ ಇರೋ ಜಾಗಕ್ಕೆ ಕರೆಸ್ಕೊಳ್ಳಿ.